ಹೊಳೆಯ ಹೆಸರಿನ ಊರು

ನಮ್ಮ ಮನೆಯ ಟ್ರಂಕಿನಲ್ಲಿ ಒಂದು ಹಳೆಯ ಅಟ್ಲಾಸು ಇದೆ. ನಮ್ಮ ತಂದೆಯವರು ಊರು ಬಿಟ್ಟು ಮುಂಬಯಿಗೆ ಬಂದಾಗ ಹಾಸಿಗೆಯ ಸುರುಳಿ, ಹಿತ್ತಾಳೆಯ ತಂಬಿಗೆಗಳ ಜೊತೆಗೆ ತಂದ ಒಂದೆರಡು ಪುಸ್ತಕಗಳಲ್ಲಿ ಅದೂ ಒಂದು. ಎರಡನೆಯ ಮಹಾಯುದ್ಧಕ್ಕೆ ಮೊದಲು ಅಚ್ಚಾದದ್ದು, ಹಾಳೆಗಳು ಹಪ್ಪಳದಂತಾಗಿವೆ. ಕಳೆದ ರಜೆಯಲ್ಲಿ ಮೊಮ್ಮಗಳು ಅದನ್ನೂ ತನ್ನ ಶಾಲೆಯ ಹೊಸ ಅಟ್ಲಾಸನ್ನೂ ನೆಲದ ಮೇಲೆ ಜೋಡಿಸಿಟ್ಟುಕೊಂಡು, ಎರಡರಲ್ಲೂ ಬೆರಳಾಡಿಸುತ್ತ ಕುಳಿತಿದ್ದಳು. ಸ್ವಲ್ಪ ಹೊತ್ತಿಗೆ ಪ್ರಶ್ನೆ ಬಂದಿತು.

“ಅಜ್ಜಾ, ಹಳೇ ಪುಸ್ತಕದಲ್ಲಿ ಇಲ್ಲಿ ಫಿಯುಮೆ ಅಂತ ಇದೆ, ಇಟಲಿಯ ಬಣ್ಣ ಹಾಕಿದ್ದಾರೆ. ಹೊಸದರಲ್ಲಿ ಅದೇ ಜಾಗದಲ್ಲಿ ರಿಯೆಕಾ ಅಂತಿದೆ, ಕ್ರೊಯೇಷಿಯಾ ಅಂತೆ. ಹಳೇ ಊರು ಎಲ್ಲಿ ಹೋಯಿತು?”

ಊರು ಎಲ್ಲಿಯೂ ಹೋಗಿಲ್ಲ ಮಗೂ, ಹೆಸರು ಮಾತ್ರ ಬದಲಾಯಿತು ಎಂದೆವು. ಬೊಂಬಾಯಿ 1995ರಲ್ಲಿ ಮುಂಬಯಿಯಾಗಲಿಲ್ಲವೇ, ಮದರಾಸು 1996ರಲ್ಲಿ ಚೆನ್ನೈ ಆಗಲಿಲ್ಲವೇ, 2014ರ ರಾಜ್ಯೋತ್ಸವದ ದಿನ ಬೆಲ್ಗಾಂ ಸರಕಾರಿ ಕಾಗದಗಳಲ್ಲೆಲ್ಲ ಬೆಳಗಾವಿಯಾಗಲಿಲ್ಲವೇ ಎಂದು ಉದಾಹರಣೆಗಳನ್ನೂ ಕೊಟ್ಟೆವು. ಮಗು ಒಪ್ಪಿತು, ನಮಗೇ ಒಪ್ಪಿಗೆಯಾಗಲಿಲ್ಲ. ಬೊಂಬಾಯಿ ಮುಂಬಯಿಯಾದ ಮರುದಿನ ಅದೇ ಜನ ಅದೇ ಲೋಕಲ್ ಗಾಡಿ ಹತ್ತಿ ಅದೇ ಕಚೇರಿಗೆ ಹೋಗಿದ್ದರು. ಆಡ್ರಿಯಾಟಿಕ್ ತೀರದ ಆ ಊರಿನ ಕಥೆ ಹಾಗಲ್ಲ. ಆಮೇಲೆ ಓದಿ ತಿಳಿದುಕೊಂಡುದನ್ನು, ಊರು ಬಿಟ್ಟು ಬಂದು ಬದುಕುತ್ತಿರುವ ನಮ್ಮ ಸಂಘದ ಕುಟುಂಬಗಳಿಗೂ ಹೇಳಬೇಕೆನಿಸಿತು.

ಎಲ್ಲ ಭಾಷೆಯಲ್ಲೂ ಹೊಳೆ

ಇಟಲಿಗೂ ಬಾಲ್ಕನ್ ನಾಡುಗಳಿಗೂ ನಡುವೆ ಉದ್ದಕ್ಕೆ ಚಾಚಿಕೊಂಡಿರುವುದೇ ಆಡ್ರಿಯಾಟಿಕ್ ಸಮುದ್ರ. ಅದರ ಉತ್ತರದ ಕಡೆ, ಪೂರ್ವ ದಂಡೆಯಲ್ಲಿ ಇಸ್ತ್ರಿಯಾ ಎಂಬ ಪರ್ಯಾಯ ದ್ವೀಪವಿದೆ; ಅದರ ಮಗ್ಗುಲಿಗೆ ಕ್ವಾರ್ನೆರ್ ಎಂಬ ಕೊಲ್ಲಿ. ಆ ಕೊಲ್ಲಿಯ ಒಳಮೂಲೆಯಲ್ಲಿ, ಬೆನ್ನಿಗೆ ಸುಣ್ಣಕಲ್ಲಿನ ಗುಡ್ಡ, ಎದುರಿಗೆ ಆಳವಾದ ಕಡಲು ಇರುವ ಎಡೆಯಲ್ಲಿ ಈ ಊರು ಕುಳಿತಿದೆ. ಗುಡ್ಡಗಳ ನಡುವಿನ ಕಂದರದಿಂದ ರಿಯೆಚಿನಾ ಎಂಬ ಚಿಕ್ಕ ಹೊಳೆಯೊಂದು ಇಳಿದು ಬಂದು ಊರ ಮಗ್ಗುಲಲ್ಲೇ ಕಡಲನ್ನು ಸೇರುತ್ತದೆ. ಅದರ ಒಟ್ಟು ಉದ್ದವೇ 17-18 ಕಿಲೋಮೀಟರು. ಆದರೆ ಯುರೋಪಿನ ದೊಡ್ಡ ದೊಡ್ಡ ರಾಜ್ಯಗಳು ಈ ಪುಟ್ಟ ಹೊಳೆಗಾಗಿ ಜಗಳಾಡಿವೆ.

ಊರಿಗೆ ಹೆಸರು ಬಂದದ್ದು ಈ ಹೊಳೆಯಿಂದ. ಲ್ಯಾಟಿನ್ ಭಾಷೆಯಲ್ಲಿ ಹೊಳೆಗೆ ‘ಫ್ಲೂಮೆನ್’ ಎನ್ನುತ್ತಾರೆ; ಹಳೆಯ ಲ್ಯಾಟಿನ್ ಕಾಗದಪತ್ರಗಳಲ್ಲಿ ಇದು ಸಂತ ವೀಟನ ಹೊಳೆಯೂರು. ಇಟಾಲಿಯನ್ನಿನಲ್ಲಿ ಹೊಳೆ ಎಂದರೆ ‘ಫಿಯುಮೆ’. ಕ್ರೊಯೇಷಿಯನ್ ಭಾಷೆಯಲ್ಲಿ ಹೊಳೆ ಎಂದರೆ ‘ರಿಯೆಕಾ’. ಸುತ್ತಲಿನ ಹಳ್ಳಿಗರ ನುಡಿಯಲ್ಲೂ ನೆರೆಯ ಸ್ಲೊವೇನರ ಬಾಯಲ್ಲೂ ಅದೇ ‘ರೇಕಾ’. ಜರ್ಮನ್ ಮಾತಿನವರು ‘ಸಾಂಕ್ಟ್ ಫೈಟ್ ಆಮ್ ಫ್ಲೌಮ್’ ಎಂದು ಬರೆದರು. ಅಲ್ಲಿನ ‘ಫ್ಲೌಮ್’ ಕೂಡ ಲ್ಯಾಟಿನ್ನಿನ ಫ್ಲೂಮೆನ್ ಸವೆದು ಆದದ್ದೇ. ಹಂಗೇರಿಯವರು ತಮ್ಮ ಭಾಷೆಯ ಗೊಡವೆಗೆ ಹೋಗದೆ ಫಿಯುಮೆ ಎಂದೇ ಕರೆದರು.

ಅಂದರೆ ಹೇಳುವವರ ನಾಲಿಗೆ ಬದಲಾಯಿತೇ ಹೊರತು ಹೇಳಿದ ಮಾತು ಬದಲಾಗಲಿಲ್ಲ. ನಮ್ಮ ಹಿರಿಯರು ಹೇಮಾವತಿಯ ದಂಡೆಯ ಊರನ್ನು ಹೊಳೆನರಸೀಪುರ ಎಂದು ಕರೆದಂತೆ, ಇಲ್ಲಿ ಬಂದವರೆಲ್ಲರೂ ನೀರನ್ನು ನೋಡಿ ತಮ್ಮ ತಮ್ಮ ಭಾಷೆಯಲ್ಲಿ ಹೊಳೆ ಎಂದರು. ಒಂದೇ ಅರ್ಥದ ಎರಡು ಶಬ್ದಗಳಿಗಾಗಿ ರಕ್ತ ಹರಿದ ಊರು ಇದು.

ಹೊಳೆ ದಾಟಿದ ಹೆಸರು

ಇದಕ್ಕೂ ಹಿಂದೆ ಇನ್ನೊಂದು ಹೆಸರಿತ್ತು. ರೋಮನರ ಕಾಲದಲ್ಲಿ ಇದು ತಾರ್ಸಾತಿಕಾ. ಈಗಿನ ಹಳೆಪೇಟೆಯ ಸಂದಿಯೊಂದರಲ್ಲಿ ಒರಟು ಕಲ್ಲಿನ ದೊಡ್ಡ ಕಮಾನು ನಿಂತಿದೆ. ಅದು ರೋಮನ್ ಸೇನೆಯ ಠಾಣೆಯ ಬಾಗಿಲು. ಫ್ರಾಂಕರ ದೊರೆ ಚಾರ್ಲ್‌ಮೇನನ ಸಾಮಂತನೊಬ್ಬ 799ರಲ್ಲಿ ಈ ಊರಿನ ಬಳಿ ಹತನಾದ. ಅದಾದ ಮೇಲೆ ಕಡಲ ದಂಡೆಯಲ್ಲಿ ತಾರ್ಸಾತಿಕಾ ಎಂಬ ಹೆಸರು ಮರೆಯಾಗುತ್ತ ಬಂತು. ಆದರೆ ಪೂರ್ತಿ ಅಳಿಯಲಿಲ್ಲ. ಅದು ಹೊಳೆಯನ್ನು ದಾಟಿ ಎದುರಿನ ಗುಡ್ಡವನ್ನು ಹತ್ತಿ ‘ತರ್ಸಾತ್’ ಎಂದು ಅಲ್ಲಿ ನೆಲೆ ನಿಂತಿತು. ಮೇರಿ ಮಾತೆ ವಾಸವಿದ್ದ ನಜರೇತಿನ ಮನೆಯನ್ನು ದೇವದೂತರು 1291ರಲ್ಲಿ ಹೊತ್ತು ತಂದು ಈ ಗುಡ್ಡದ ಮೇಲಿಟ್ಟರು, ಮೂರು ವರ್ಷದ ಮೇಲೆ ಇಟಲಿಯ ಲೊರೆತೊಗೆ ಒಯ್ದರು ಎಂಬುದು ಭಕ್ತರ ನಂಬಿಕೆ. ಯಾತ್ರಿಕರು ಇಂದಿಗೂ 561 ಮೆಟ್ಟಿಲು ಹತ್ತಿ ಅಲ್ಲಿಗೆ ಹೋಗುತ್ತಾರೆ. ಮನೆಯೇ ಊರಿಂದೂರಿಗೆ ಹೋಯಿತೆಂದು ನಂಬುವ ಗುಡ್ಡಕ್ಕೆ, ಊರಿಂದ ಹೊರಟುಬಂದ ಹೆಸರು!

1466ರಲ್ಲಿ ಊರು ಆಸ್ಟ್ರಿಯದ ಹಾಬ್ಸ್‌ಬುರ್ಗ್ ರಾಜಮನೆತನದ ಕೈಗೆ ಬಂತು. 1719ರಲ್ಲಿ ಚಕ್ರವರ್ತಿ ಆರನೆಯ ಚಾರ್ಲ್ಸ್ ಇದನ್ನೂ ನೆರೆಯ ತ್ರಿಯೆಸ್ತೆಯನ್ನೂ ಸುಂಕವಿಲ್ಲದ ಬಂದರುಗಳೆಂದು ಸಾರಿದನು. ಸರಕು ಬಂದ ಕಡೆ ಜನ ಬಾರದಿರುವರೇ? ಇಟಾಲಿಯನ್ ವ್ಯಾಪಾರಿಗಳು, ಕ್ರೊಯೇಷಿಯನ್ ನಾವಿಕರು, ಸ್ಲೊವೇನ್ ಕೂಲಿಗಳು, ಜರ್ಮನ್ ಅಧಿಕಾರಿಗಳು, ಹಂಗೇರಿಯ ಎಂಜಿನಿಯರುಗಳು, ಯೆಹೂದ್ಯರು ಎಲ್ಲರೂ ಬಂದರು. ಪೇಟೆಯ ಮಾತು ಮಾತ್ರ ವೆನಿಸಿನ ಕಡೆಯ ಇಟಾಲಿಯನ್ನಿನ ಒಂದು ಪ್ರಭೇದ. ಅದನ್ನು ‘ಫಿಯುಮಾನೊ’ ಎನ್ನುತ್ತಾರೆ. ಮನೆಯಲ್ಲಿ ಯಾವ ಭಾಷೆಯಾದರೂ ಇರಲಿ, ಮೀನಿನ ಪೇಟೆಗೆ ಹೋದರೆ ಇದೇ.

ಅಂಟಿಸಿದ ಚೀಟಿ

ಆಸ್ಟ್ರಿಯದ ಮಹಾರಾಣಿ ಮರಿಯಾ ತೆರೇಸಾ 1779ರಲ್ಲಿ ಈ ಊರನ್ನು ಹಂಗೇರಿಯ ಕಿರೀಟಕ್ಕೆ ಸೇರಿದ ಪ್ರತ್ಯೇಕ ಅಂಗವೆಂದು ಗೊತ್ತುಮಾಡಿದಳು. ಕಡಲೇ ಇಲ್ಲದ ಹಂಗೇರಿಗೆ ಒಂದು ಬಂದರು ಬೇಕಿತ್ತು. ನಮ್ಮ ನೆಲದ ನಡುವೆ ಇರುವ ಊರು ನಮ್ಮದಲ್ಲವೇ ಎಂದು ಕ್ರೊಯೇಷಿಯನ್ನರು ಕೇಳಿದರು.

1868ರಲ್ಲಿ ಹಂಗೇರಿಗೂ ಕ್ರೊಯೇಷಿಯಕ್ಕೂ ಒಪ್ಪಂದವಾಯಿತು. ಈ ಊರಿನ ವಿಷಯ ಅದರ 66ನೆಯ ಕಲಮು. ಹಂಗೇರಿಯನ್ ಪ್ರತಿಯಲ್ಲಿ ಊರು ಹಂಗೇರಿಗೆ ಸೇರಿದ್ದೆಂದು ಬರೆದಿತ್ತು; ಕ್ರೊಯೇಷಿಯನ್ ಪ್ರತಿಯಲ್ಲಿ ಈ ಬಗ್ಗೆ ಒಮ್ಮತವಾಗಿಲ್ಲವೆಂದು ಬರೆದಿತ್ತು. ಏನು ಮಾಡಿದರು? ಹಂಗೇರಿಯನ್ ಮಾತಿನ ಅನುವಾದವನ್ನು ಒಂದು ಚೀಟಿಯಲ್ಲಿ ಬರೆದು ಕ್ರೊಯೇಷಿಯನ್ ಪ್ರತಿಯ ಮೇಲೆ ಅಂಟಿಸಿಬಿಟ್ಟರು! ಕ್ರೊಯೇಷಿಯದ ಇತಿಹಾಸದಲ್ಲಿ ಇದಕ್ಕೆ ‘ರಿಯೆಕಾದ ಚಿಂದಿ’ ಎಂದೇ ಹೆಸರು. ಒಂದು ಊರಿನ ಐವತ್ತು ವರ್ಷದ ಹಣೆಬರಹವನ್ನು ಗೋಂದಿನಿಂದ ಅಂಟಿಸಿದರು ಎಂದರೆ ತಪ್ಪಾಗದು.

ಚೀಟಿ ಹೇಗೇ ಇರಲಿ, ಊರು ಬೆಳೆಯಿತು. 1873ರಲ್ಲಿ ಬುಡಾಪೆಸ್ಟಿನ ಕಡೆಯಿಂದ ರೈಲು ಬಂತು. ಅದಕ್ಕೂ ಮೊದಲೇ, 1866ರಲ್ಲಿ, ನೀರೊಳಗೆ ಸಾಗಿ ಹಡಗನ್ನು ಹೊಡೆಯುವ ಟಾರ್ಪೆಡೊ ಇಲ್ಲಿ ಸಿದ್ಧವಾಗಿತ್ತು. ಅದರ ಮೂಲ ಕಲ್ಪನೆ ಈ ಊರಲ್ಲೇ ಹುಟ್ಟಿದ ನೌಕಾಧಿಕಾರಿಯೊಬ್ಬನದು. ಇಟಾಲಿಯನ್ನರಿಗೆ ಅವನು ಜೊವಾನ್ನಿ ಲುಪ್ಪಿಸ್, ಕ್ರೊಯೇಷಿಯನ್ನರಿಗೆ ಇವಾನ್ ಲುಪಿಸ್. ಅದನ್ನು ಕೆಲಸ ಮಾಡುವ ಯಂತ್ರವಾಗಿಸಿದವನು ಇಲ್ಲಿ ಕಾರಖಾನೆ ನಡೆಸುತ್ತಿದ್ದ ರಾಬರ್ಟ್ ವೈಟ್‌ಹೆಡ್ ಎಂಬ ಇಂಗ್ಲಿಷಿನವನು. ಊರಿನಂತೆ ಜನರಿಗೂ ಇಲ್ಲಿ ಎರಡು ಹೆಸರು. 1912ರಲ್ಲಿ ಇಲ್ಲಿಯ ದಾಖಲೆಯಲ್ಲಿ ಜೊವಾನ್ನಿ ಎಂದು ಬರೆಸಿಕೊಂಡ ಒಂದು ಬಡ ತಾಯಿಯ ಮಗು, ಮುಂದೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಂಗೇರಿಯ ಸೂತ್ರ ಹಿಡಿದ ಯಾನೋಶ್ ಕಾದಾರ್.

ಇಲ್ಲಿಂದ ನ್ಯೂಯಾರ್ಕಿಗೆ ನೇರ ಹಡಗುಗಳಿದ್ದುವು. ಪೂರ್ವ ಯುರೋಪಿನ ಸಾವಿರಾರು ಬಡವರು ಗಂಟುಮೂಟೆ ಕಟ್ಟಿಕೊಂಡು ಇಲ್ಲಿಯೇ ಹಡಗು ಹತ್ತಿ ಅಮೆರಿಕೆಗೆ ಹೋದರು. 1912ರ ಏಪ್ರಿಲಿನಲ್ಲಿ ‘ಟೈಟಾನಿಕ್’ ಮುಳುಗಿದಾಗ ಬದುಕಿದವರನ್ನು ಎತ್ತಿಕೊಂಡ ‘ಕಾರ್ಪೇಥಿಯಾ’ ಹಡಗು ನ್ಯೂಯಾರ್ಕಿನಿಂದ ಹೊರಟಿದ್ದು ಇತ್ತ ಕಡೆಗೇ; ಅದರ ಕೊನೆಯ ನಿಲುಗಡೆ ಫಿಯುಮೆ. ಆ ಹಡಗಿನಲ್ಲಿ ಕೆಲಸಕ್ಕಿದ್ದ ತರುಣನೊಬ್ಬ ತಂದ ಟೈಟಾನಿಕ್ಕಿನ ಜೀವರಕ್ಷಕ ಕವಚವನ್ನು ಊರಿನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಕಾಣಬಹುದು.

ಸೇತುವೆಯ ನಡುವಿನ ಗಡಿ

1910ರ ಜನಗಣತಿಯಂತೆ ಊರಿನಲ್ಲಿ ಸುಮಾರು 50 ಸಾವಿರ ಜನ. ಅವರಲ್ಲಿ ಅರ್ಧಕ್ಕೆ ತುಸು ಕಡಿಮೆ ಇಟಾಲಿಯನ್ ಮಾತಿನವರು, ಕಾಲುಭಾಗ ಕ್ರೊಯೇಷಿಯನ್ನರು, ಸುಮಾರು ಆರೂವರೆ ಸಾವಿರ ಹಂಗೇರಿಯನ್ನರು, ಉಳಿದವರು ಸ್ಲೊವೇನರು, ಜರ್ಮನರು ಮುಂತಾದವರು. ಆದರೆ ಹೊಳೆಯ ಆಚೆ ದಡದ ಸುಶಾಕ್ ಪೇಟೆಯಲ್ಲಿ ಕ್ರೊಯೇಷಿಯನ್ನರೇ ಹೆಚ್ಚು. ಅದು ಈ ಲೆಕ್ಕದಲ್ಲಿ ಸೇರಿರಲಿಲ್ಲ. ಎಣಿಸುವಾಗ ಗೆರೆಯನ್ನು ಎಲ್ಲಿ ಎಳೆದರೆ ಯಾರು ಹೆಚ್ಚಾಗುತ್ತಾರೆಂಬುದು ಗಡಿನಾಡಿನ ಕಡೆಯಿಂದ ಬಂದ ನಮ್ಮ ವಾಚಕರಿಗೆ ಹೇಳಿಕೊಡಬೇಕಾದ ವಿಷಯವಲ್ಲ.

ಮೊದಲನೆಯ ಮಹಾಯುದ್ಧದಲ್ಲಿ ಆಸ್ಟ್ರಿಯ-ಹಂಗೇರಿ ಸಾಮ್ರಾಜ್ಯ ಮುರಿದುಬಿತ್ತು. ಊರು ಯಾರದೆಂಬ ಪ್ರಶ್ನೆ ಪ್ಯಾರಿಸಿನ ಶಾಂತಿ ಸಭೆಗೆ ಹೋಯಿತು. ಅದು ಇಟಲಿಗೆ ಸಲ್ಲದೆಂದು ಅಮೆರಿಕೆಯ ಅಧ್ಯಕ್ಷ ವಿಲ್ಸನ್ ಹೇಳಿದಾಗ, 1919ರ ಏಪ್ರಿಲಿನಲ್ಲಿ ಇಟಲಿಯ ಪ್ರಧಾನಿ ಸಭೆ ಬಿಟ್ಟು ಎದ್ದುಹೋದರು. ಅದೇ ವರ್ಷ ಸೆಪ್ಟೆಂಬರ್ 12ರಂದು ಇಟಲಿಯ ಪ್ರಖ್ಯಾತ ಕವಿ ಗಾಬ್ರಿಯೆಲೆ ದಾನುನ್ಸಿಯೊ ಎರಡು ಸಾವಿರಕ್ಕೂ ಹೆಚ್ಚು ಬಂಡುಕೋರ ಸೈನಿಕರೊಡನೆ ಬಂದು ಊರನ್ನು ಹಿಡಿದೇಬಿಟ್ಟ. ರಾಜಭವನದ ಮೆಚ್ಚಿನಿಂದ ದಿನವೂ ಭಾಷಣ, ದಿನವೂ ಮೆರವಣಿಗೆ. ಮುಂದೆ ಮುಸೊಲಿನಿಯ ಕಾಲದಲ್ಲಿ ಇಟಲಿ ಕಂಡ ಕರಿ ಅಂಗಿ, ಎತ್ತಿದ ಕೈ, ಗುಂಪಿನ ಘೋಷಗಳ ತಾಲೀಮು ಇಲ್ಲಿಯೇ ಆಯಿತು. ಕೊನೆಗೆ 1920ರ ಕ್ರಿಸ್‌ಮಸ್ ವಾರದಲ್ಲಿ ಇಟಲಿಯ ಸೈನ್ಯವೇ ಗುಂಡು ಹಾರಿಸಿ ಅವನನ್ನು ಹೊರಡಿಸಬೇಕಾಯಿತು.

ಆಮೇಲೆ ಅದು ಸ್ವತಂತ್ರ ರಾಜ್ಯವಾಯಿತು. ಯಾರ ಹಂಗೂ ಬೇಡ, ನಮ್ಮ ಊರು ನಮಗಿರಲಿ ಎಂಬ ಪಕ್ಷ 1921ರ ಚುನಾವಣೆಯಲ್ಲಿ ಗೆದ್ದಿತು. ರಿಕಾರ್ದೊ ತ್ಸಾನೆಲ್ಲಾ ಅಧ್ಯಕ್ಷನಾದ. ಊರಿನವರನ್ನೇ ಕೇಳಿದಾಗ ಅವರು ಕೊಟ್ಟ ಉತ್ತರ ಅದು. ಆದರೆ 1922ರ ಮಾರ್ಚಿನಲ್ಲಿ ಫ್ಯಾಸಿಸ್ಟರು ಆ ಸರಕಾರವನ್ನು ಉರುಳಿಸಿದರು. 1924ರಲ್ಲಿ ಎರಡು ರಾಜ್ಯಗಳು ರೋಮಿನಲ್ಲಿ ಕುಳಿತು ಹಂಚಿಕೊಂಡವು: ಫಿಯುಮೆ ಇಟಲಿಗೆ, ಸುಶಾಕ್ ಯುಗೊಸ್ಲಾವಿಯಕ್ಕೆ. ಆ ಪುಟ್ಟ ಹೊಳೆಯೇ ಗಡಿ. ಈಚೆ ದಡದಿಂದ ಆಚೆ ದಡದ ನೆಂಟರ ಮನೆಗೆ ಹೋಗಲು ಸೇತುವೆಯ ಮೇಲೆ ಕಾಗದ ತೋರಿಸಬೇಕು. ನಮ್ಮ ಟ್ರಂಕಿನ ಅಟ್ಲಾಸಿನಲ್ಲಿರುವುದು ಈ ಕಾಲದ ಊರು.

ಇಟಲಿಯ ಆಳ್ವಿಕೆಯಲ್ಲಿ ಈ ಪ್ರದೇಶದ ಕ್ರೊಯೇಷಿಯನ್, ಸ್ಲೊವೇನ್ ಶಾಲೆಗಳು ಮುಚ್ಚಿದವು. ಸ್ಲಾವ್ ಮನೆತನದ ಹೆಸರುಗಳನ್ನು ಇಟಾಲಿಯನ್ ರೂಪಕ್ಕೆ ತಿದ್ದಿದರು. ತಾತನ ಅಡ್ಡಹೆಸರು ಒಂದು, ಮೊಮ್ಮಗನದು ಇನ್ನೊಂದು. 1943ರ ಸೆಪ್ಟೆಂಬರಿನಲ್ಲಿ ಇಟಲಿ ಶರಣಾದ ಮೇಲೆ ಜರ್ಮನರು ಬಂದರು. 1944ರ ಜನವರಿಯಲ್ಲಿ ಯೆಹೂದ್ಯರ ದೊಡ್ಡ ಪ್ರಾರ್ಥನಾಮಂದಿರವನ್ನು ಸುಟ್ಟರು; ಅನೇಕರನ್ನು ಹಿಡಿದು ಸಾವಿನ ಶಿಬಿರಗಳಿಗೆ ಸಾಗಿಸಿದರು. 1945ರ ಮೇ 3ರಂದು ಟಿಟೊ ಪಕ್ಷದ ಯೋಧರು ಊರನ್ನು ಹಿಡಿದರು. 1947ರ ಶಾಂತಿ ಒಪ್ಪಂದದಿಂದ ಊರು ಯುಗೊಸ್ಲಾವಿಯದ್ದಾಯಿತು. ಮರುವರ್ಷ ಸುಶಾಕ್ ಕೂಡ ಸೇರಿ ಒಂದೇ ನಗರವಾಯಿತು. ಹೆಸರು ರಿಯೆಕಾ.

ಹೋದವರು, ಉಳಿದವರು

ಮೊಮ್ಮಗಳ ಪ್ರಶ್ನೆ ನಿಜವಾಗಿ ಬರುವುದು ಇಲ್ಲಿಗೆ. ಹೆಸರಿನ ಜೊತೆಗೆ ಈ ಸಲ ಜನರೂ ಬದಲಾದರು.

ಯುದ್ಧ ಮುಗಿದ ದಿನಗಳಲ್ಲಿ ಕೆಲವರು ಕೊಲೆಯಾದರು, ಕೆಲವರು ಕಾಣೆಯಾದರು. ಆಸ್ತಿ ಸರಕಾರದ ಪಾಲಾಯಿತು. ಇಟಲಿಯ ಪೌರತ್ವ ಬೇಕೆಂದು ಬರೆದುಕೊಟ್ಟರೆ ಊರು ಬಿಡಬೇಕು. ಕೆಲವೇ ವರ್ಷಗಳಲ್ಲಿ ಇಟಾಲಿಯನ್ ಮಾತಿನವರಲ್ಲಿ ಬಹುಪಾಲು ಹೊರಟುಹೋದರು. ಇಸ್ತ್ರಿಯಾ, ಡಾಲ್ಮೇಷಿಯಗಳಿಂದಲೂ ಹೀಗೆಯೇ ಹೋದರು. ಇಟಲಿಯ ನೂರಕ್ಕೂ ಹೆಚ್ಚು ಶಿಬಿರಗಳಲ್ಲಿ, ಬ್ಯಾರಕ್ಕುಗಳಲ್ಲಿ, ಕಂಬಳಿಯ ಪರದೆ ಕಟ್ಟಿಕೊಂಡು ವರ್ಷಗಟ್ಟಲೆ ಸಂಸಾರ ಮಾಡಿದರು. ಹೊತ್ತು ತಂದ ಸಾಮಾನನ್ನು ಇಡಲು ಎಡೆಯಿಲ್ಲದೆ ತ್ರಿಯೆಸ್ತೆಯ ಹಳೆಯ ಬಂದರಿನ ಗೋದಾಮಿಗೆ ಹಾಕಿದರು. ಹಿಂದಿರುಗಿ ಒಯ್ಯಲು ಎಷ್ಟೋ ಮಂದಿ ಬರಲೇ ಇಲ್ಲ. ಒಂದರ ಮೇಲೊಂದು ಪೇರಿಸಿದ ಕುರ್ಚಿಗಳು, ಬೀರುಗಳು, ಅಡಿಗೆಯ ಪಾತ್ರೆಗಳು, ಕಟ್ಟು ಹಾಕಿದ ಫೋಟೋಗಳು ಮಾಲಿಕರ ಹೆಸರಿನ ಚೀಟಿ ಹೊತ್ತು ದಶಕಗಳ ಕಾಲ ಅಲ್ಲೇ ಕಾದವು.

ಬರಿದಾದ ಮನೆಗಳಿಗೆ ಯುಗೊಸ್ಲಾವಿಯದ ಮೂಲೆಮೂಲೆಗಳಿಂದ ಕೆಲಸ ಹುಡುಕಿಕೊಂಡು ಬಂದವರು ಸೇರಿದರು. ಇಟಲಿಯ ಮೊನ್‌ಫಾಲ್ಕೊನೆಯ ಹಡಗು ಕಟ್ಟುವ ಕಾರಖಾನೆಯಿಂದ ಸಮತಾವಾದದ ಆಸೆ ಹೊತ್ತು ಎದುರುದಿಕ್ಕಿನಲ್ಲಿ ಬಂದ ಕೆಲಸಗಾರರೂ ಇದ್ದರು. ಬಂದವರನ್ನು ನಾವು ದೂಷಿಸಲಾರೆವು. ಅವರೂ ನಮ್ಮ ಹಿರಿಯರಂತೆ ಟ್ರಂಕು ಹಿಡಿದು ಹೊಟ್ಟೆಪಾಡಿಗೆ ಬಂದವರೇ. ಆದರೆ ಮೀನಿನ ಪೇಟೆಯ ಮಾತು ಕ್ಷೀಣವಾಯಿತು. 1953ರಲ್ಲಿ ತ್ರಿಯೆಸ್ತೆಯ ಜಗಳ ಬಿಸಿಯಾಗಿದ್ದಾಗ ಎರಡು ಭಾಷೆಯ ಫಲಕಗಳನ್ನು ಒಡೆದು ತೆಗೆದರು. ಉಳಿದುಕೊಂಡ ಇಟಾಲಿಯನ್ನರು ತಮ್ಮ ಶಾಲೆಗಳನ್ನೂ ‘ಲಾ ವೊಚೆ ದೆಲ್ ಪೊಪೊಲೊ’ ಎಂಬ ದಿನಪತ್ರಿಕೆಯನ್ನೂ ಹೇಗೋ ಉಳಿಸಿಕೊಂಡರು. 2011ರ ಜನಗಣತಿಯ ಹೊತ್ತಿಗೆ ಅವರ ಸಂಖ್ಯೆ ನೂರಕ್ಕೆ ಎರಡರಷ್ಟೂ ಇರಲಿಲ್ಲ.

ಹೋದವರು ಏನು ಮಾಡಿದರು? ನಮ್ಮವರು ಮಾಡಿದ್ದನ್ನೇ ಮಾಡಿದರು. ಸಂಘ ಕಟ್ಟಿದರು, ಪತ್ರಿಕೆ ತಂದರು. ರೋಮಿನಲ್ಲಿ, ನಿರಾಶ್ರಿತರು ನೆಲೆಸಿದ ಬಡಾವಣೆಯಲ್ಲೇ, ತಮ್ಮ ಊರಿನ ಕಾಗದಪತ್ರ, ಬಾವುಟ, ಚಿತ್ರಗಳನ್ನಿಟ್ಟು ಒಂದು ವಸ್ತುಸಂಗ್ರಹಾಲಯ ಮಾಡಿದರು. ಅವರಿಗೆ ಊರಿನ ಹೆಸರು ಇಂದಿಗೂ ಫಿಯುಮೆಯೇ. ಆದರೆ ನಮಗೂ ಅವರಿಗೂ ಒಂದು ದೊಡ್ಡ ಅಂತರವಿದೆ. ನಾವು ಹೊಟ್ಟೆಪಾಡಿಗೆ ಬಂದವರು. ರಜೆ ಸಿಕ್ಕರೆ ಬಸ್ಸು ಹತ್ತಿ ಊರಿಗೆ ಹೋಗಬಲ್ಲೆವು. ಅವರು ಬಾಗಿಲು ಮುಚ್ಚಿಸಿಕೊಂಡು ಬಂದವರು. ಆ ವ್ಯತ್ಯಾಸವನ್ನು ಮರೆತು ನಮ್ಮನ್ನು ಅವರಿಗೆ ಹೋಲಿಸಿಕೊಂಡರೆ ಅದು ಅವರ ದುಃಖಕ್ಕೆ ಮಾಡುವ ಅಪಚಾರ.

ಆದರೂ ಒಂದು ಒಳ್ಳೆಯ ಮಾತಿದೆ. ರೋಮಿನ ಆ ಫಿಯುಮೆಯ ಸಂಘವೂ ಕ್ರೊಯೇಷಿಯದ ಇತಿಹಾಸ ಸಂಸ್ಥೆಯೂ ಕೂಡಿ ಕೆಲಸ ಮಾಡಿ, 1939ರಿಂದ 1947ರವರೆಗೆ ಈ ಊರಿನಲ್ಲೂ ಸುತ್ತಮುತ್ತಲೂ ಸತ್ತ ಇಟಾಲಿಯನ್ನರ ಹೆಸರುಗಳನ್ನು ಹುಡುಕಿ 2002ರಲ್ಲಿ ಒಂದು ಪುಸ್ತಕವನ್ನು ಎರಡು ಭಾಷೆಗಳಲ್ಲಿ ಪ್ರಕಟಿಸಿದರು. ಊರಿನ ಹೆಸರಿನ ವಿಷಯದಲ್ಲಿ ಒಪ್ಪದವರು ಸತ್ತವರ ಹೆಸರನ್ನು ಒಟ್ಟಿಗೆ ಕುಳಿತು ಬರೆದರು.

ಹದ್ದಿನ ತಲೆ

ಊರಿನ ಲಾಂಛನ ಎರಡು ತಲೆಯ ಹದ್ದು. 1659ರಲ್ಲಿ ಚಕ್ರವರ್ತಿ ಲಿಯೊಪೋಲ್ಡ್ ಕೊಟ್ಟದ್ದು. ಅದು ಒಂದು ಬಿಂದಿಗೆಯ ಮೇಲೆ ನಿಂತಿದೆ. ಬಿಂದಿಗೆಯಿಂದ ನೀರು ಸುರಿಯುತ್ತಲೇ ಇದೆ. ಕೆಳಗೆ ‘ಬತ್ತದೆ’ ಎಂಬರ್ಥದ ಒಂದೇ ಲ್ಯಾಟಿನ್ ಶಬ್ದ. 1906ರಲ್ಲಿ ಈ ಹದ್ದಿನ ವಿಗ್ರಹವನ್ನು ಪೇಟೆಯ ಗಡಿಯಾರದ ಗೋಪುರದ ಮೇಲೆ ನಿಲ್ಲಿಸಿದರು. 1919ರಲ್ಲಿ ದಾನುನ್ಸಿಯೊನ ಕಡೆಯವರು ಹತ್ತಿ, ಎರಡು ತಲೆ ಆಸ್ಟ್ರಿಯದ ಗುರುತೆಂದು ಒಂದನ್ನು ಕತ್ತರಿಸಿದರು. 1949ರಲ್ಲಿ ಹೊಸ ಸರಕಾರದವರು ಉಳಿದ ಹದ್ದನ್ನೂ ಇಳಿಸಿದರು. 1991ರಲ್ಲಿ ಕ್ರೊಯೇಷಿಯಾ ಸ್ವತಂತ್ರವಾಯಿತು. 2017ರಲ್ಲಿ ಎರಡು ತಲೆಯ ಹದ್ದು ಮರಳಿ ಗೋಪುರವನ್ನೇರಿತು. ಹಾಗೆಂದು ಜಗಳ ಪೂರ್ತಿ ಆರಿತೆಂದಲ್ಲ. 2019ರ ಸೆಪ್ಟೆಂಬರ್ 12ರಂದೇ ತ್ರಿಯೆಸ್ತೆಯವರು ದಾನುನ್ಸಿಯೊನ ಪ್ರತಿಮೆ ನಿಲ್ಲಿಸಿದಾಗ ಕ್ರೊಯೇಷಿಯಾ ಸರಕಾರ ಪ್ರತಿಭಟಿಸಿತು. ಮರುವರ್ಷ, 2020ರಲ್ಲಿ, ರಿಯೆಕಾ ಯುರೋಪಿನ ಸಂಸ್ಕೃತಿಯ ರಾಜಧಾನಿ ಎನಿಸಿತು.

ಆ ಊರಿನಲ್ಲಿ ಒಂದು ಮಾತಿದೆಯಂತೆ: ನಮ್ಮಜ್ಜಿ ಮನೆ ಬಿಟ್ಟು ಕದಲದೆ ಐದು ದೇಶಗಳಲ್ಲಿ ಬಾಳಿದಳು ಎಂದು. ಹಾಸ್ಯದ ಮಾತಲ್ಲ, ಲೆಕ್ಕದ ಮಾತು. 1900ರಲ್ಲಿ ಹುಟ್ಟಿ ತೊಂಬತ್ತು ದಾಟಿದ ಮುದುಕಿ ಸಾಮ್ರಾಜ್ಯದ ಕ್ರೌನು, ಇಟಲಿಯ ಲೀರಾ, ಯುಗೊಸ್ಲಾವಿಯದ ದಿನಾರು, ಎಲ್ಲವನ್ನೂ ಅದೇ ಸೆರಗಿನ ಗಂಟಿನಲ್ಲಿ ಕಟ್ಟಿದ್ದಾಳು. ಮೊಮ್ಮಕ್ಕಳ ಕೈಗೆ ಕ್ರೊಯೇಷಿಯದ ಕೂನಾ ಬಂತು, 2023ರಿಂದ ಯೂರೋ.

ನಾವು ಇಷ್ಟನ್ನೂ ಮೊಮ್ಮಗಳಿಗೆ ಎರಡು ಮೂರು ಸಂಜೆ ಕೂತು ಹೇಳಿದೆವು. ಅವಳ ಪ್ರಶ್ನೆಗೆ ಮೊದಲು ಕೊಟ್ಟ ಉತ್ತರವನ್ನೂ ತಿದ್ದಿಕೊಂಡೆವು. ಹಳೆಯ ಊರಿನಲ್ಲಿ ಒಂದು ಪಾಲು ಅಲ್ಲೇ ಇದೆ ಮಗೂ, ಒಂದು ಪಾಲು ರೋಮಿಗೆ ಹೋಯಿತು, ಒಂದು ಪಾಲು ಶಿಬಿರಗಳಲ್ಲಿ ಕರಗಿತು, ಒಂದು ಪಾಲು ಸುಟ್ಟುಹೋಯಿತು ಎಂದೆವು. ಅವಳು ಪೆನ್ಸಿಲು ತೆಗೆದುಕೊಂಡು ಹಳೆಯ ಅಟ್ಲಾಸಿನಲ್ಲಿ ಫಿಯುಮೆಯ ಪಕ್ಕ ರಿಯೆಕಾ ಎಂದೂ, ತನ್ನ ಹೊಸದರಲ್ಲಿ ರಿಯೆಕಾದ ಪಕ್ಕ ಫಿಯುಮೆ ಎಂದೂ ಬರೆದಳು. ಬರೆದದ್ದು ಕನ್ನಡದಲ್ಲಿ. ಕಾಗುಣಿತ ಒಂದು ಕಡೆ ತಪ್ಪಿತ್ತು, ತಿದ್ದಿಸಿದೆವು.

ನಮ್ಮ ವಾಚಕರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಹಿರಿಯರಿಗೆ ತಮ್ಮ ಊರಿನ, ಕೇರಿಯ, ಹೊಲದ, ಹಳ್ಳದ ಹಳೆಯ ಹೆಸರುಗಳು ಗೊತ್ತಿರುತ್ತವೆ. ಸರಕಾರದ ನಕಾಶೆಯಲ್ಲಿ ಅವು ಇರಲಾರವು. ಈ ರಜೆಯಲ್ಲಿ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಿರಿಯರು ಹೇಳುತ್ತಿರುವಾಗಲೇ, ಅವನ್ನು ಒಂದು ನೋಟುಬುಕ್ಕಿನಲ್ಲಿ ಬರೆಯಿಸಿ ಇಡಿ.